ಮುಖ ಕೊನೆಗೆ: 18ನೇ ಶತಮಾನದ ಫ್ರೆಂಚ್ ಎಚಿಂಗ್‌ನಲ್ಲಿ ಒಬ್ಬ ಹೆಣ್ಣನ್ನು ಓದುವ ಬಗೆ

ಹಳೆಯ ಚಿತ್ರದಲ್ಲಿ ಒಬ್ಬ ಹೆಂಗಸು ಕೂತಿದ್ದರೆ ನಮ್ಮ ಕಣ್ಣು ನೇರ ಮುಖಕ್ಕೇ ಹೋಗುತ್ತದೆ. "ಪಾಪ, ಎಷ್ಟು ಬೇಜಾರಲ್ಲಿದ್ದಾಳೆ" ಅಂದುಬಿಡುತ್ತೇವೆ. ನಾನೂ ಅಂದಿದ್ದೆ. ಮೊದಮೊದಲು ಇಂಥ ಒಂದು ಫ್ರೆಂಚ್ ಎಚಿಂಗ್ (ತಾಮ್ರದ ತಗಡನ್ನು ಆಸಿಡ್‌ನಿಂದ ಕೊರೆದು ಕಾಗದಕ್ಕೆ ಒತ್ತಿದ ಚಿತ್ರ) ನೋಡಿ, ತುಟಿಯ ತುದಿ ಕೆಳಗಿಳಿದಿದೆ ಎಂದು ಆಕೆಯ ದುಃಖದ ಬಗ್ಗೆ ಅರ್ಧ ಪುಟ ಬರೆದಿಟ್ಟಿದ್ದೆ. ಆಮೇಲೆ ಅದೇ ಕಲಾವಿದನ ಇನ್ನೂ ಏಳೆಂಟು ಚಿತ್ರ ನೋಡಿದೆ. ಎಲ್ಲರ ತುಟಿಯೂ ಹಾಗೇ ಇತ್ತು. ಗಂಡಸರದ್ದೂ! ಅದು ಆಕೆಯ ದುಃಖವಲ್ಲ, ಆತನ ಕೈಯ ಅಭ್ಯಾಸ.

ಅಂದಿನಿಂದ ನನ್ನದೊಂದು ಕ್ರಮ. ಅಂಚಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗುವುದು. ಮುಖ ಕೊನೆಗೆ. ಮುಖ ಮುಖ್ಯವಲ್ಲ ಅಂತಲ್ಲ. ಅದಕ್ಕಿಂತ ಮೊದಲು ಹೇಳಬೇಕಾದವರು ಬೇರೆ ಇದ್ದಾರೆ: ತಾಮ್ರ, ಕಾಗದ, ಅಕ್ಷರ, ಬಟ್ಟೆ, ದುಡ್ಡು.

ಕೈಯಲ್ಲಿ ಒಂದು ಮಾದರಿ ಇದ್ದರೆ ಒಳ್ಳೆಯದು. ನಾನು ಆರಿಸಿಕೊಂಡದ್ದು ಮಾರ್ಗರೀತ್ ಲ ಕೋಂತ್ ಎಂಬಾಕೆಯ ಚಿತ್ರ. 1750ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಆಕೆಯ ಪಕ್ಕನೋಟವನ್ನು ಬರೆದವನು ಶಾರ್ಲ್-ನಿಕೊಲಾ ಕೊಶ್ಯಾಂ. ಅದನ್ನು ತಾಮ್ರದ ಮೇಲೆ ಎಚಿಂಗ್ ಮಾಡಿದವನು ಕ್ಲೋದ್-ಆನ್ರಿ ವಾತ್ಲೆ. ಈ ಮೂರು ಹೆಸರು ನೆನಪಿಡಿ, ಮುಂದೆ ಬರುತ್ತವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಇವುಗಳ ಆನ್‌ಲೈನ್ ಸಂಗ್ರಹದಲ್ಲಿ ಆ ಕಾಲದ ಇಂಥ ಚಿತ್ರಗಳು ರಾಶಿ ರಾಶಿ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ. ದೊಡ್ಡದು ಮಾಡಿ ನೋಡುವಷ್ಟು ತಾಳ್ಮೆ ಸಾಕು.

ಹೆಜ್ಜೆ 1: ಇದು ನಿಜಕ್ಕೂ ಎಚಿಂಗೇನಾ?

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಗೊತ್ತಿದ್ದರೆ ಗೆರೆ ಮಾತಾಡುತ್ತದೆ. ತಾಮ್ರದ ತಗಡನ್ನು ನಯ ಮಾಡಿ, ಅದರ ಮೇಲೆ ಮೇಣ ಮತ್ತು ರಾಳದ ತೆಳು ಪದರ ಬಳಿಯುತ್ತಿದ್ದರು. ಮೇಣದ ಬತ್ತಿಯ ಹೊಗೆ ಹಿಡಿದು ಅದನ್ನು ಕಪ್ಪು ಮಾಡುತ್ತಿದ್ದರು. ಸೂಜಿಯಿಂದ ಗೀಚಿದರೆ ಕಪ್ಪಿನ ಕೆಳಗೆ ತಾಮ್ರ ಹೊಳೆಯುತ್ತದೆ. ಆಮೇಲೆ ಆಸಿಡ್. ಗೀಚಿದ ಜಾಗದಲ್ಲಿ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳ, ಹಾಗಾಗಿ ಕಪ್ಪು. ಪದರ ತೊಳೆದು, ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಚಿತ್ರ ಬರುತ್ತದೆ.

ನಮ್ಮ ತಾಳೆಗರಿ ನೆನಪಾಗುತ್ತದೆ ಅಲ್ವಾ? ಕಬ್ಬಿಣದ ಮೊನೆಯಿಂದ ಗೀರಿ, ಮಸಿ ಸವರಿ, ಒರೆಸಿದಾಗ ಅಕ್ಷರದ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಎಚಿಂಗ್‌ನಲ್ಲೂ ಮಸಿ ಕೂರುವುದು ಗೀರಿನ ಒಳಗೇ. ಇಲ್ಲಿ ಗೀರುವುದು ಆಸಿಡ್, ಕೈಯಲ್ಲ. ಅಷ್ಟೇ ವ್ಯತ್ಯಾಸ.

ಕೈಗೆ ಜೋರು ಬೇಡವಾದ್ದರಿಂದ ಎಚಿಂಗ್ ಗೆರೆ ಪೆನ್ನಿನ ಗೆರೆಯ ಹಾಗೆ ಓಡುತ್ತದೆ, ನಡುಗುತ್ತದೆ, ಸುತ್ತುತ್ತದೆ. ತುದಿ ಮೊಂಡು. ಉಳಿಯಿಂದ ನೇರವಾಗಿ ತಾಮ್ರವನ್ನು ಕೆತ್ತಿದ ಗೆರೆ ಬೇರೆ ಥರ: ಸಣ್ಣಗೆ ಶುರುವಾಗಿ, ನಡುವೆ ಉಬ್ಬಿ, ಚೂಪಾಗಿ ಮುಗಿಯುತ್ತದೆ. ಸಾಲುಸಾಲಾಗಿ ಶಿಸ್ತಿನಲ್ಲಿರುತ್ತದೆ. ಭೂತಗನ್ನಡಿ ಹಿಡಿದು ಗೆರೆಗಳ ತುದಿಯನ್ನಷ್ಟೇ ನೋಡಿ.

ಒಂದು ಎಚ್ಚರಿಕೆ. ವೃತ್ತಿಪರ ಫ್ರೆಂಚ್ ಕಲಾವಿದರ ಭಾವಚಿತ್ರಗಳಲ್ಲಿ ಎರಡೂ ಬೆರೆತಿರುತ್ತವೆ. ಮೊದಲು ಎಚಿಂಗ್‌ನಿಂದ ಅಡಿಪಾಯ, ಆಮೇಲೆ ಉಳಿಯಿಂದ ಮುಖ, ಕೈ, ರೇಷ್ಮೆಯ ಹೊಳಪು. ಬರೀ ಎಚಿಂಗ್ ಆಗಿ ಉಳಿದ ಚಿತ್ರ ಸಿಕ್ಕರೆ ಅದೇ ಒಂದು ಸುಳಿವು. ಒಂದೋ ಅದು ಮುಗಿಯುವ ಮುಂಚೆ ತೆಗೆದ ಪರೀಕ್ಷಾ ಪ್ರತಿ, ಇಲ್ಲವೇ ಬೇಕಂತಲೇ ಹಾಗೆ ಬಿಟ್ಟದ್ದು, ಇಲ್ಲವೇ ಉಳಿ ಹಿಡಿಯಲು ಬಾರದ ಹವ್ಯಾಸಿಯ ಕೆಲಸ. ಉಳಿ ಪಳಗಲು ವರ್ಷಗಟ್ಟಲೆ ಬೇಕು. ಸೂಜಿ ಹಿಡಿಯಲು ಚಿತ್ರ ಬರೆಯುವ ಕೈ ಇದ್ದರೆ ಸಾಕು. ಅದಕ್ಕೇ ಆ ಕಾಲದ ಸಿರಿವಂತ ಗಂಡಸರೂ ಹೆಂಗಸರೂ ಎಚಿಂಗ್‌ಗೆ ಮರುಳಾದದ್ದು. ದೊರೆ 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್ ಕೂಡ ತಾನೇ ತಗಡುಗಳನ್ನು ಎಚಿಂಗ್ ಮಾಡಿದ್ದಾಳೆ.

ನಕಲಿನ ವಿಚಾರವನ್ನೂ ಇಲ್ಲೇ ಮುಗಿಸಿಬಿಡೋಣ. ನಾನು ಒಮ್ಮೆ ಹಳೇ ಸಾಮಾನಿನ ಅಂಗಡಿಯಿಂದ ಫ್ರೇಮ್ ಸಮೇತ ಒಬ್ಬ "ಮಾರ್ಕೀಸ್"ಳನ್ನು (ಫ್ರೆಂಚ್ ಕುಲೀನ ಹೆಂಗಸರ ಬಿರುದು ಅದು) ಖುಷಿಯಾಗಿ ಮನೆಗೆ ತಂದೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯೇ ಇಲ್ಲ, ಸೊಳ್ಳೆಪರದೆಯ ಹಾಗೆ ಚುಕ್ಕೆಗಳ ಜಾಲ. ಯಾವುದೋ ಪುಸ್ತಕದಿಂದ ಕತ್ತರಿಸಿದ ಹಾಳೆ. ಅಸಲಿಯಾದರೆ ಗೆರೆ ಅಖಂಡವಾಗಿರಬೇಕು. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಕಾಣಬೇಕು, ಅಂಚು ಕತ್ತರಿಸಿಲ್ಲದಿದ್ದರೆ. ಬೆಳಕಿಗೆ ಹಿಡಿದರೆ ಆ ಕಾಲದ ಕಾಗದದಲ್ಲಿ ತಂತಿಜಾಲದ ಗೆರೆ ಸಾಮಾನ್ಯವಾಗಿ ಕಾಣುತ್ತದೆ. ಫ್ರೆಂಚ್ ಕಾಗದದ ನೀರುಗುರುತಿನಲ್ಲಿ "1742" ಎಂದು ಕಂಡರೆ ಕುಣಿಯಬೇಡಿ. ಆ ವರ್ಷ ಜಾರಿಗೆ ಬಂದ ಸರ್ಕಾರಿ ನಿಯಮದಿಂದ ಅಚ್ಚಿನೊಳಗೆ ಆ ಅಂಕಿ ಸೇರಿತು. ಆಮೇಲೆ ಎಷ್ಟೋ ದಶಕ ಅದೇ ಅಂಕಿ ಇಟ್ಟುಕೊಂಡು ಕಾಗದ ಮಾಡುತ್ತಲೇ ಇದ್ದರು.

ತಗಡಿನ ವಯಸ್ಸು ಬೇರೆ, ಕಾಗದಕ್ಕೆ ಇಳಿದ ಪ್ರತಿಯ ವಯಸ್ಸು ಬೇರೆ. ಇದಕ್ಕೆ ಸಾಕ್ಷಿ ನಮ್ಮ ವಾತ್ಲೆಯೇ. ನೂರು ವರ್ಷ ಹಳೆಯದಾದ, ಡಚ್ ಕಲಾವಿದ ರೆಂಬ್ರಾಂಟ್‌ನ ತಾಮ್ರದ ತಗಡುಗಳು ಸುಮಾರು 80 ಅವನ ಬಳಿ ಇದ್ದವು. 1786ರಲ್ಲಿ ಅವನು ತೀರಿಕೊಂಡ ಮೇಲೆ ಬಾಸಾಂ ಎಂಬ ಪ್ಯಾರಿಸ್ ವ್ಯಾಪಾರಿ ಅವನ್ನು ಕೊಂಡು ಮತ್ತೆ ಅಚ್ಚು ಹಾಕಿದ. ಹಾಗಾಗಿ ಗೆರೆ ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಆಕೆಯ ಕೆನ್ನೆ ಮೃದುವಾಗಿತ್ತು ಎಂದು ಬರೆಯಬೇಡಿ. ಸವೆದದ್ದು ತಗಡು.

ಹೆಜ್ಜೆ 2: ಕೆಳಗಿನ ಸಾಲು

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತದೆ. ಚಿತ್ರದ ಕೆಳಗೆ ಎಡಕ್ಕೂ ಬಲಕ್ಕೂ ಇರುವೆಯಷ್ಟು ಸಣ್ಣ ಅಕ್ಷರದ ಹೆಸರುಗಳಿರುತ್ತವೆ. ಹೆಸರಿನ ಪಕ್ಕ ಲ್ಯಾಟಿನ್ನಿನ ತುಂಡು ಪದ. "ಪಿಂಕ್ಸ್" ಅಂದರೆ ಬಣ್ಣದಲ್ಲಿ ಬರೆದವನು. "ಡೆಲ್" ಅಥವಾ "ಡೆಲಿನ್" ಅಂದರೆ ಕಾಗದದ ಮೇಲೆ ಚಿತ್ರ ಬರೆದವನು. "ಸ್ಕಲ್ಪ್" ಅಥವಾ ಬರೀ "ಎಸ್‌ಸಿ" ಅಂದರೆ ತಗಡಿನ ಕೆಲಸ ಮಾಡಿದವನು. "ಎಕ್ಸ್‌ಕೂಡಿಟ್" ಅಂದರೆ ಪ್ರಕಟಿಸಿದವನು. ರೂಢಿಯಂತೆ ಮೂಲ ಚಿತ್ರಕಾರ ಎಡಕ್ಕೆ, ತಗಡಿನವನು ಬಲಕ್ಕೆ. ಲ ಕೋಂತ್ ಚಿತ್ರದಲ್ಲಿ ಬರೆದವನು ಕೊಶ್ಯಾಂ, ಕೊರೆದವನು ವಾತ್ಲೆ. ನೀವು ನೋಡುತ್ತಿರುವುದು ಆಕೆಯನ್ನಲ್ಲ. ಕೊಶ್ಯಾಂ ಕಂಡ ಆಕೆಯನ್ನು ವಾತ್ಲೆ ಮತ್ತೊಮ್ಮೆ ಕಂಡದ್ದನ್ನು. ಮಾತು ಬಾಯಿಂದ ಬಾಯಿಗೆ ಬಂದ ಹಾಗೆ.

ಆಮೇಲೆ "ಶೆ" (chez) ಎಂಬ ಪದ ಹುಡುಕಿ. "ಇವರ ಅಂಗಡಿಯಲ್ಲಿ" ಎಂದು ಅರ್ಥ. ಅದರ ಮುಂದೆ ವಿಳಾಸ ಇರುತ್ತದೆ, ಬಹಳ ಸಲ ಸ್ಯಾಂ-ಜಾಕ್ ಬೀದಿ. ಪ್ಯಾರಿಸ್‌ನಲ್ಲಿ ಚಿತ್ರ ಮಾರುವವರ ಕೇರಿ ಅದು. "ಎ.ಪಿ.ಡಿ.ಆರ್." ಎಂದಿದ್ದರೆ ದೊರೆಯ ಅನುಮತಿಯೊಂದಿಗೆ ಎಂದು. ಅಂದರೆ ಬೇರೆಯವರು ನಕಲು ಮಾಡುವಂತಿಲ್ಲ. ಇವೆರಡೂ ಇದ್ದರೆ ಅದು ಮಾರಾಟದ ಸರಕು. ಆ ಹೆಂಗಸು ರಾಣಿಯೋ ನಟಿಯೋ, ಅಂತೂ ಊರವರು ದುಡ್ಡು ಕೊಟ್ಟು ಮುಖ ಕೊಳ್ಳುವಷ್ಟು ಹೆಸರಾದವಳು. ಹವ್ಯಾಸಿಗಳ ಎಚಿಂಗ್‌ನಲ್ಲಿ ಸಾಮಾನ್ಯವಾಗಿ ಅಂಗಡಿಯ ಮಾತೇ ಇರುವುದಿಲ್ಲ. ಅವು ಗೆಳೆಯರ ಕೈಯಿಂದ ಕೈಗೆ ಹೋದವು. ಇರುವ ಅಕ್ಷರದಷ್ಟೇ ಇಲ್ಲದ ಅಕ್ಷರಕ್ಕೂ ಬೆಲೆ ಕೊಡಿ.

ಕೆಲವು ಸಲ ಹೆಸರನ್ನೇ ಮುಚ್ಚಿಟ್ಟು ಆಟ ಆಡುತ್ತಾರೆ. ಅಗಸ್ತಾಂ ದ ಸ್ಯಾಂ-ಓಬಾಂ ಎಂಬ ಕಲಾವಿದ 1779ರಲ್ಲಿ ಹೊರತಂದ ಜೋಡಿ ಭಾವಚಿತ್ರಗಳ ಕೆಳಗೆ "ಆದ್ರಿಯೆನ್ ಸೊಫಿ, ಮಾರ್ಕೀಸ್ ದ", "ಲೂಯಿಸ್ ಎಮಿಲಿ, ಬರೊನ್ ದ" ಎಂದಷ್ಟೇ ಇದೆ. ಮನೆತನದ ಹೆಸರಿನ ಜಾಗದಲ್ಲಿ ಮೂರು ನಕ್ಷತ್ರ! ಮರ್ಯಾದೆ ಕಾಪಾಡಿದ ಹಾಗೂ ಆಯಿತು, ಕುತೂಹಲ ಕೆರಳಿಸಿ ಮಾರಿದ ಹಾಗೂ ಆಯಿತು.

ಕೆಳಗೆ ನಾಲ್ಕು ಸಾಲಿನ ಪದ್ಯವಿದ್ದರೆ ಓದಿ, ಆದರೆ ನಂಬಬೇಡಿ. ಹೊಗಳುಭಟರ ಮಾತು. ಸೌಂದರ್ಯ, ಬುದ್ಧಿ, ದೇವತೆಗಳ ಅಸೂಯೆ, ಅವವೇ ಮತ್ತೆ ಮತ್ತೆ.

ಹೆಜ್ಜೆ 3: ಎಡ ಬಲ

ಇದು ಚಿಕ್ಕ ಹೆಜ್ಜೆ. ತಗಡಿನ ಮೇಲಿನದು ಕಾಗದಕ್ಕೆ ಇಳಿದಾಗ ಎಡ ಬಲ ತಿರುವುಮುರುವಾಗುತ್ತದೆ. ಜಾಣ ಕಲಾವಿದ ಕನ್ನಡಿ ಇಟ್ಟುಕೊಂಡು ಮೊದಲೇ ತಿರುಗಿಸಿ ಬರೆಯುತ್ತಿದ್ದ. ಎಲ್ಲರಿಗೂ ಅಷ್ಟು ವ್ಯವಧಾನ ಇರಲಿಲ್ಲ. ಹಾಗಾಗಿ ಆಕೆ ಎಡಗೈಯಲ್ಲಿ ಬರೆಯುತ್ತಿದ್ದರೆ ಎಡಚಿ ಅನ್ನುವ ಮುಂಚೆ ತಗಡನ್ನು ಅನುಮಾನಿಸಿ. ಮೂಲ ಚಿತ್ರ ಉಳಿದಿದ್ದರೆ ಪಕ್ಕದಲ್ಲಿಟ್ಟು ನೋಡಿ.

ಹೆಜ್ಜೆ 4: ಪಕ್ಕನೋಟ ಯಾಕೆ?

ಕೊಶ್ಯಾಂ ಲ ಕೋಂತ್‌ಳನ್ನು ಎದುರಿನಿಂದ ಬರೆಯಲಿಲ್ಲ, ಪಕ್ಕದಿಂದ ಬರೆದ. ಪುಟ್ಟ ಪದಕದಲ್ಲಿ ಕೂರುವಂಥ ಪಕ್ಕನೋಟಗಳು ಅವನ ಹೆಗ್ಗುರುತು. ನೂರಾರು ಜನರನ್ನು ಹಾಗೆ ಬರೆದಿದ್ದಾನೆ. ಇದರ ಬೇರು ಹಳೇ ರೋಮನ್ ನಾಣ್ಯಗಳಲ್ಲಿದೆ. 1749ರಿಂದ 1751ರವರೆಗೆ ಕೊಶ್ಯಾಂ ಇಟಲಿಯಲ್ಲಿ ಸುತ್ತಿದ, ಪೊಂಪದೂರ್‌ಳ ತಮ್ಮನ ಜತೆಗಾರನಾಗಿ. ಮುಂದೆ ದೊರೆಯ ಕಟ್ಟಡಗಳ ಉಸ್ತುವಾರಿಗೆ ಬರಲಿದ್ದ ಆ ಹುಡುಗನ ಕಣ್ಣು ಪಳಗಿಸಲೆಂದೇ ಆ ಪ್ರವಾಸ. ವಾಪಸ್ ಬಂದಾಗ ಪ್ಯಾರಿಸ್‌ನಲ್ಲಿ ಪ್ರಾಚೀನ ರೋಮಿನ ಗಾಳಿ ಬೀಸತೊಡಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ವಕೀಲನ ಹೆಂಡತಿಯನ್ನು ನಾಣ್ಯದ ಮೇಲಿನ ಚಕ್ರವರ್ತಿಯ ಹಾಗೆ ಪಕ್ಕದಿಂದ ಬರೆಯುವುದು ಸುಮ್ನೆ ಅಲ್ಲ. ಇವಳು ನೆನಪಿನಲ್ಲಿ ಉಳಿಯಬೇಕಾದವಳು ಎಂದು ಹೇಳಿದ ಹಾಗೆ.

ಆದರೆ ಪಕ್ಕನೋಟ ಕಂಡಲ್ಲೆಲ್ಲಾ ಇದೇ ಅರ್ಥ ಅಂಟಿಸಬೇಡಿ. ಮೂವತ್ತು ವರ್ಷ ಕಳೆದ ಮೇಲೆ, 1780ರ ದಶಕದಲ್ಲಿ, ವರ್ಸಾಯಿಯ ಅರಮನೆಯಲ್ಲಿ ಚೆಲ್ಲೊ ನುಡಿಸುತ್ತಿದ್ದ ಜಿಲ್-ಲೂಯಿ ಕ್ರೆತಿಯಾಂ ಎಂಬಾತ "ಫಿಜಿಯೊನೊತ್ರಾಸ್" ಎಂಬ ಯಂತ್ರ ಕಂಡುಹಿಡಿದ. ಒಂದು ನೋಟದ ಕಿಂಡಿ, ಅದಕ್ಕೆ ಜೋಡಿಸಿದ ಕೋಲುಗಳ ಚೌಕಟ್ಟು. ಕೂತವರ ಮುಖದ ಅಂಚಿನ ಗುಂಟ ಕಿಂಡಿಯ ಗುರಿಯನ್ನು ಸರಿಸುತ್ತಾ ಹೋದರೆ ಇನ್ನೊಂದು ತುದಿಯ ಬಳಪ ಅದೇ ಗೆರೆಯನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಎಳೆಯುತ್ತದೆ. ಆಮೇಲೆ ಅದನ್ನು ಕುಗ್ಗಿಸಿ ತಾಮ್ರಕ್ಕೆ ಇಳಿಸಿ ಎಚಿಂಗ್. ಚಿತ್ರ ದುಂಡಗೆ, ನಮ್ಮ ಅಂಗೈಯಲ್ಲಿ ಕೂರುವಷ್ಟು. ಇಲ್ಲಿ ಪಕ್ಕನೋಟ ಇರುವುದು ಯಂತ್ರಕ್ಕೆ ಅದೇ ಸುಲಭ ಅಂತ. ರೋಮ್ ಗೀಮ್ ಏನಿಲ್ಲ. ಕ್ರೆತಿಯಾಂ ಮತ್ತು ಅವನ ಪಾಲುದಾರನಾಗಿದ್ದ ಕೆನೆದೆ 1789ರ ಹೊತ್ತಿಗೆ ಬೇರೆಯಾಗಿ ಪೈಪೋಟಿಗೆ ಬಿದ್ದರು. ಅದಕ್ಕೇ ಅವರ ಚಿತ್ರಗಳ ಕೆಳಗೆ ಬೀದಿಯ ಹೆಸರು ಅಷ್ಟು ಸ್ಪಷ್ಟ. ಜಾಹೀರಾತು ಅದು. ಕೂತವರ ಹೆಸರೇ ಬಹಳ ಸಲ ಇರುವುದಿಲ್ಲ, ಗೆರೆ ಎಳೆದವನ ವಿಳಾಸ ಮಾತ್ರ ಇರುತ್ತದೆ! ಇಂಥದೇ ಯಂತ್ರವನ್ನು ಸ್ಯಾಂ-ಮೆಮಾಂ ಎಂಬ ಫ್ರೆಂಚ್ ನಿರಾಶ್ರಿತ ಅಮೆರಿಕದಲ್ಲಿ ಬಳಸಿದ. ಅಲ್ಲಿ ಗಂಡಸರಿಗೆ 25 ಡಾಲರ್, ಹೆಂಗಸರಿಗೆ 35. ತಲೆಯ ಮೇಲಿನ ಕೆಲಸ ಜಾಸ್ತಿ ಅಂತಲೋ ಏನೋ.

ಹೆಜ್ಜೆ 5: ಕೂದಲು, ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ: ಬಿಳಿ ಕೂದಲು ಅಂದರೆ ಮುದುಕಿ ಅಲ್ಲ. ಅದು ಪೌಡರ್. ಇಪ್ಪತ್ತರ ಹುಡುಗಿಯೂ ತಲೆಗೆ ಬಿಳಿ ಪುಡಿ ಹಾಕುತ್ತಿದ್ದಳು. ಕೆನ್ನೆಗೆ ಢಾಳಾದ ಕೆಂಪನ್ನೂ ಬಳಿಯುತ್ತಿದ್ದರು, ಆದರೆ ಕಪ್ಪು ಮಸಿಯಲ್ಲಿ ಅದು ಕಾಣದು. ನೀವು ನೋಡುತ್ತಿರುವ "ಸರಳ" ಮುಖಕ್ಕೆ ಅಂದು ಎಷ್ಟು ಬಣ್ಣವಿತ್ತೋ.

ತಲೆಯ ಅಳತೆಯಿಂದ ಕಾಲ ತಿಳಿಯುತ್ತದೆ. ಶತಮಾನದ ನಡುವಿನಲ್ಲಿ ಕೂದಲು ತಲೆಗೆ ಅಂಟಿದಂತೆ, ಸಣ್ಣ ಸುರುಳಿ, ಮೇಲೊಂದು ಲೇಸಿನ ಟೋಪಿ, ಕೊರಳಿಗೆ ರಿಬ್ಬನ್. 1774ರಲ್ಲಿ ಮರೀ ಆಂತ್ವಾನೆತ್ ರಾಣಿಯಾದ ಮೇಲೆ ಕೂದಲು ಗೋಪುರವಾಯಿತು. ಗರಿ, ಹೂವು ಎಲ್ಲಾ ಅದರ ಮೇಲೆ. 1780ರ ದಶಕದಲ್ಲಿ ಗೋಪುರ ಇಳಿದು ಅಗಲಕ್ಕೆ ಹರಡಿತು. ಹುಲ್ಲಿನ ಟೋಪಿ ಬಂತು, ಎದೆಯ ಮೇಲೆ ತೆಳು ಮಸ್ಲಿನ್ ಶಾಲು ಬಂತು.

ಮಸ್ಲಿನ್ ಕಂಡಲ್ಲಿ ಸ್ವಲ್ಪ ನಿಲ್ಲಿ. ನಯವಾದ ಮಸ್ಲಿನ್‌ಗೆ ಆಗ ಹೆಸರಾಗಿದ್ದದ್ದು ನಮ್ಮ ಕಡೆಯ ಬಂಗಾಳ. 1783ರಲ್ಲಿ ವಿಜೆ ಲ ಬ್ರಂ ಎಂಬ ಕಲಾವಿದೆ ರಾಣಿಯನ್ನು ಬಿಳಿ ಮಸ್ಲಿನ್ ಉಡುಪಿನಲ್ಲಿ ಚಿತ್ರಿಸಿ ಪ್ಯಾರಿಸ್‌ನ ಪ್ರದರ್ಶನಕ್ಕಿಟ್ಟಳು. ರಾಣಿ ಒಳಬಟ್ಟೆಯಲ್ಲಿ ಕೂತಿದ್ದಾಳೆ ಎಂದು ಜನ ಗಲಾಟೆ ಎಬ್ಬಿಸಿದರು. ಚಿತ್ರ ಇಳಿಸಿ, ರೇಷ್ಮೆ ಉಟ್ಟ ಇನ್ನೊಂದನ್ನು ಇಡಬೇಕಾಯಿತು. ಆದರೂ ಆ ಉಡುಪು ಫ್ಯಾಷನ್ ಆಗಿಯೇ ಆಯಿತು. ಇದೇ ಕಲಾವಿದೆ 1788ರಲ್ಲಿ ಶ್ರೀರಂಗಪಟ್ಟಣದಿಂದ ಬಂದಿದ್ದ ಟಿಪ್ಪು ಸುಲ್ತಾನನ ರಾಯಭಾರಿ ಮುಹಮ್ಮದ್ ದರ್ವೇಶ್ ಖಾನನನ್ನೂ ಆಳೆತ್ತರಕ್ಕೆ ಬರೆದಳು. ಅವನ ಮೈಮೇಲೂ ಬಿಳಿ ಮಸ್ಲಿನ್. ಒಂದೇ ಕೈ, ಒಂದೇ ಥರದ ಬಟ್ಟೆ. ರಾಣಿಯ ಮೇಲೆ ಅದು ಹಗರಣ, ಖಾನನ ಮೇಲೆ ಗತ್ತು.

ವೇಷಕ್ಕೆ ಮೋಸಹೋಗಬೇಡಿ. ತಲೆಗೆ ರುಮಾಲು, ಕೈಯಲ್ಲಿ ಕಾಫಿ ಬಟ್ಟಲು ಇದ್ದ ಮಾತ್ರಕ್ಕೆ ಆಕೆ ತುರ್ಕಿಯವಳಲ್ಲ. ಪೊಂಪದೂರ್ ಸ್ವತಃ ಸುಲ್ತಾನಳ ವೇಷದಲ್ಲಿ ಬರೆಸಿಕೊಂಡಿದ್ದಳು, ಅದು ತಗಡಿಗೂ ಇಳಿಯಿತು. ಬಿಲ್ಲು ಹಿಡಿದವಳು ಬೇಟೆಗಾತಿಯಲ್ಲ, ರೋಮನ್ನರ ಬೇಟೆಯ ದೇವಿ ಡಯಾನಾಳ ವೇಷ ಹಾಕಿದವಳು.

ಕುಲಲಾಂಛನ ಇದ್ದರೆ ನೋಡಿ. 1790ರ ಜೂನ್‌ನಲ್ಲಿ ಕ್ರಾಂತಿಯ ಸರ್ಕಾರ ಬಿರುದು, ಲಾಂಛನ ಎಲ್ಲವನ್ನೂ ರದ್ದು ಮಾಡಿತು. ಆಮೇಲಿನ ಚಿತ್ರಗಳಲ್ಲಿ "ಮದಾಮ್" ಹೋಗಿ "ಸಿತ್ವಾಯೆನ್", ಅಂದರೆ ನಾಗರಿಕೆ, ಬಂದಿರಬಹುದು.

ಹೆಜ್ಜೆ 6: ಯಾರು, ಯಾರಿಗಾಗಿ?

ಈಗ ಮೂರು ಹೆಸರುಗಳಿಗೆ ವಾಪಸ್ ಬರೋಣ. ವಾತ್ಲೆ ಹೊಟ್ಟೆಪಾಡಿಗೆ ತಗಡು ಕೊರೆದವನಲ್ಲ. ದೊರೆಯ ತೆರಿಗೆ ವಸೂಲಿಯ ದೊಡ್ಡ ಹುದ್ದೆ ಅವನಿಗೆ ಅಪ್ಪನಿಂದ ಬಂದಿತ್ತು. ಕೈತುಂಬಾ ದುಡ್ಡು, ಎಚಿಂಗ್ ಹುಚ್ಚು. ಫ್ರೆಂಚ್ ಚಿಂತಕ ದಿದರೋ ಸಂಪಾದಿಸಿದ ಹೆಸರಾಂತ ವಿಶ್ವಕೋಶಕ್ಕೆ ತಗಡಿನ ಕಲೆಯ ಲೇಖನ ಬರೆದವನೂ ಅವನೇ.

ಮಾರ್ಗರೀತ್ ಲ ಕೋಂತ್ ಬೇರೊಬ್ಬನ ಹೆಂಡತಿ. ಆದರೆ ಬಾಳಿದ್ದು ವಾತ್ಲೆಯ ಜತೆ, ಎಲ್ಲರ ಕಣ್ಣೆದುರೇ. ಪ್ಯಾರಿಸ್ ಹತ್ತಿರ ಸೆನ್ ನದಿಯ ನಡುವೆ ಮುಲಾಂ-ಜೊಲಿ ಎಂಬ ಅವರ ತೋಟಕ್ಕೆ ಕಲಾವಿದರ ದಂಡೇ ಬರುತ್ತಿತ್ತು. ಆಕೆಯೂ ಎಚಿಂಗ್ ಕಲಿತಳು. 1763ರಲ್ಲಿ ಇಬ್ಬರೂ ಇಟಲಿಗೆ ಹೊರಟರು, ಜತೆಗೆ ವಾತ್ಲೆಯ ಹಳೆಯ ಗುರು ಕೊಪೆತ್ ಪಾದ್ರಿ. ರೋಮಿನಲ್ಲಿದ್ದ ಫ್ರೆಂಚ್ ಕಲಾವಿದರು, ಉಬೆರ್ ರೊಬೆರ್ ಕೂಡ ಸೇರಿ, ಅವರು ಬಂದ ಸಂಭ್ರಮಕ್ಕೆ 1764ರಲ್ಲಿ ಎಚಿಂಗ್‌ಗಳ ಪುಸ್ತಕವನ್ನೇ ಮಾಡಿಕೊಟ್ಟರು. ಅದರ ಹೆಸರಿನಲ್ಲಿ ಮೊದಲು ಬರುವುದು ಆಕೆ, ಆಮೇಲೆ ವಾತ್ಲೆ.

ಆಕೆಯ ಇನ್ನೊಂದು ಭಾವಚಿತ್ರವಿದೆ. ವಾತ್ಲೆ ಬರೆದದ್ದು, ಲಾಂಪರರ್ ಎಂಬ ವೃತ್ತಿಪರ ಕೆತ್ತಿದ್ದು. ಅದರ ಕೆಳಗೆ ಹೆಸರಿನ ಜತೆ ರೋಮ್, ಬೊಲೊನ್ಯಾ, ಫ್ಲಾರೆನ್ಸ್ ಅಕಾಡೆಮಿಗಳ ಸದಸ್ಯೆ ಎಂಬ ಒಕ್ಕಣೆ ಇದೆ. ಗಂಡನ ಪ್ರಸ್ತಾಪವಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಕೆಳಸಾಲನ್ನಷ್ಟೇ ಓದಿ. ಒಂದರಲ್ಲಿ ಗೆಳೆಯರ ಕೂಟದ ಹೆಂಗಸು, ಇನ್ನೊಂದರಲ್ಲಿ ಪದವಿ ಇರುವ ಕಲಾವಿದೆ.

ನಿಮ್ಮ ಕೈಲಿರುವ ಚಿತ್ರಕ್ಕೂ ಇದನ್ನೇ ಕೇಳಿ. ತಗಡಿನ ಖರ್ಚು ಯಾರದು? ಪ್ರತಿಗಳು ಯಾರ ಮನೆಗೆ ಹೋದವು? ಕೊರೆದವನು ಆಕೆಯನ್ನು ಕಣ್ಣಾರೆ ಕಂಡಿದ್ದನೇ? ಈ ಕೊನೇ ಪ್ರಶ್ನೆಗೆ ಬಹಳ ಸಲ ಉತ್ತರ "ಇಲ್ಲ". ವಾತ್ಲೆ ಮಾತ್ರ ದಿನಾ ಕಂಡಿದ್ದ.

ಹೆಜ್ಜೆ 7: ಈಗ ಮುಖ

ಇಲ್ಲಿ ಗೆರೆ ಏನು ಮಾಡುತ್ತಿದೆ ನೋಡಿ. ಕೆನ್ನೆಯಲ್ಲಿ ಗೆರೆ ಚುಕ್ಕೆಯಾಗಿ ಒಡೆದಿದೆಯೇ? ಕತ್ತಿನ ನೆರಳಿಗೆ ಎಷ್ಟು ಪದರ? ಕಲಾವಿದ ಎಲ್ಲಿ ಗೆರೆ ನಿಲ್ಲಿಸಿ ಕಾಗದ ಖಾಲಿ ಬಿಟ್ಟಿದ್ದಾನೆ? ಬೆಳಕು ಅಂದರೆ ಅಲ್ಲಿ ಅವನು ಏನೂ ಮಾಡಿಲ್ಲ ಅಂತ. ಬಳಿಕ ಅದೇ ಕೈಯ ಇನ್ನೂ ಐದಾರು ಮುಖ ತೆರೆಯಿರಿ. ಎಲ್ಲರಲ್ಲೂ ಇರುವುದು ಕೈಯದ್ದು ಅಥವಾ ಕಾಲದ್ದು. ಇವಳೊಬ್ಬಳಲ್ಲೇ ಇರುವುದು, ಗಲ್ಲದ ಕೆಳಗಿನ ಮಡಿಕೆಯೋ, ಸ್ವಲ್ಪ ಬಾಗಿದ ಮೂಗೋ, ಅದು ಮಾತ್ರ ಆಕೆಯದ್ದು. ಚಂದ ಮಾಡಿ ತೋರಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಚಂದವಲ್ಲದ್ದು ಉಳಿದಿದ್ದರೆ ಅದನ್ನು ನಂಬಬಹುದು.

ಹೆಜ್ಜೆ 8: ಬರೆದಿಡುವುದು

ಮೂರು ಭಾಗ ಮಾಡಿ: ಕಂಡದ್ದು, ಓದಿ ತಿಳಿದದ್ದು, ಊಹೆ. ಒಂದರೊಳಗೆ ಇನ್ನೊಂದು ನುಸುಳಬಾರದು. ನನ್ನ ಅರ್ಧ ಪುಟದ ದುಃಖ ಪೂರ್ತಿ ಮೂರನೆಯದಾಗಿತ್ತು, ಬರೆದಿದ್ದು ಮಾತ್ರ ಮೊದಲನೆಯದರಲ್ಲಿ.

ಲ ಕೋಂತ್ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು.

ಕಂಡದ್ದು: ಪಕ್ಕನೋಟ. ಎಚಿಂಗ್. ಇಬ್ಬರ ಹೆಸರು.

ಓದಿ ತಿಳಿದದ್ದು: ಬರೆದವನು ವೃತ್ತಿಯವನು, ಕೊರೆದವನು ಹವ್ಯಾಸಿ, ಆಕೆಯ ಜತೆ ಬಾಳಿದವನು. ಆಕೆಗೂ ಸೂಜಿ ಹಿಡಿಯಲು ಬರುತ್ತಿತ್ತು.

ಊಹೆ: ತಗಡಿನ ಮೇಲೆ ಬಾಗಿ ಕೂತವನಿಗೆ ಈ ಹಣೆ, ಈ ಮೂಗು ಬಾಯಿಪಾಠವಾಗಿತ್ತು. ಕೊಶ್ಯಾಂನ ಚಿತ್ರ ಪಕ್ಕದಲ್ಲೇ ಇದ್ದರೂ ಅವನು ಅದರತ್ತ ಎಷ್ಟು ಸಲ ತಿರುಗಿ ನೋಡಿರಬಹುದು?

ಇದರ ಎದುರು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ.